ಮರದ ಬಾತಿನ ಅಡಿಯಲ್ಲಿ

ಕಳೆದ ತಿಂಗಳು ನಮ್ಮ ಹಳೆಯ ಶಿಷ್ಯನೊಬ್ಬನು, ಅಮೆರಿಕ ದೇಶದ ಮೇರಿಲೆಂಡ್ ಸಂಸ್ಥಾನದಲ್ಲಿ ಉದ್ಯೋಗದಲ್ಲಿರುವವನು, ರಜದ ಮೇಲೆ ಊರಿಗೆ ಬಂದಿದ್ದಾಗ ನಮ್ಮನ್ನು ನೋಡಲು ಬಂದನು. ಹಣ್ಣುಹಂಪಲುಗಳೊಡನೆ ಬಟ್ಟೆಯಲ್ಲಿ ಸುತ್ತಿದ ವಸ್ತುವೊಂದನ್ನೂ ಮೇಜಿನ ಮೇಲಿಟ್ಟನು. ಬಿಚ್ಚಿ ನೋಡಲಾಗಿ ಅದೊಂದು ಮರದ ಬಾತು. ಬಣ್ಣ ಮಾಸಿ, ಕೊಕ್ಕಿನ ತುದಿ ಸವೆದು, ಎದೆಯ ಮೇಲೆ ಅಲ್ಲಲ್ಲಿ ಸಣ್ಣ ತೂತುಗಳಾಗಿದ್ದುವು. ನಮ್ಮ ಮೊಮ್ಮಗಳು ಆಟದ ಸಾಮಾನೆಂದು ಬಗೆದು ಅದನ್ನು ಎತ್ತಿಕೊಳ್ಳಹೋದಳು.

“ಮೇಷ್ಟ್ರೇ, ಇದು ಗೊಂಬೆಯಲ್ಲ, ಬೇಟೆಗಾರರ ಸಾಧನ. ಆ ತೂತುಗಳು ಬಂದೂಕಿನ ಚರೆ ತಗುಲಿ ಆದುವು. ಮಾಡಿದವನ ಹೆಸರಿನ ಅಕ್ಷರಗಳೂ ಅಡಿಯಲ್ಲಿವೆ, ನೋಡಿ,” ಎಂದು ಅವನು ಬಾತನ್ನು ಮಗುಚಿ ತೋರಿಸಿದನು. ಕಾದ ಕಬ್ಬಿಣದಿಂದ ಸುಟ್ಟು ಮೂಡಿಸಿದ ಎರಡು ಅಕ್ಷರಗಳು ಅಲ್ಲಿದ್ದುವು. ಆ ಎರಡು ಅಕ್ಷರಗಳ ವಿಚಾರವೇ ಈ ತಿಂಗಳ ನಮ್ಮ ಪ್ರಸ್ತಾಪ.

ಪಳಗಿಸಿದ ಜಿಂಕೆಯನ್ನು ಮುಂದೆ ಬಿಟ್ಟು ಕಾಡಿನ ಜಿಂಕೆಗಳನ್ನು ಸೆಳೆಯುವ ಪದ್ಧತಿ ನಮ್ಮ ದೇಶದ ಬೇಟೆಯಲ್ಲಿಯೂ ಇದ್ದಿತು. ಅಂತಹ ಮೃಗಕ್ಕೆ ಹಳೆಯ ಕನ್ನಡದಲ್ಲಿ ದೀವವೆಂದು ಹೆಸರು. ಬಾತುಗಳು ಸಂಘಜೀವಿಗಳು. ಆಕಾಶದಲ್ಲಿ ಹಾರುವ ಹಿಂಡು, ಕೆಳಗೆ ನೀರಿನ ಮೇಲೆ ತನ್ನವರು ನೆಮ್ಮದಿಯಾಗಿ ತೇಲುತ್ತಿರುವುದನ್ನು ಕಂಡರೆ, ಇಲ್ಲಿ ಮೇವುಂಟು, ಭಯವಿಲ್ಲ ಎಂದು ತಿಳಿದು ಇಳಿಯುತ್ತದೆ. ಈ ನಂಬಿಕೆಯನ್ನೇ ಮನುಷ್ಯನು ಬಲೆಯಾಗಿ ಮಾಡಿಕೊಂಡನು. ಮರದ ಬಾತುಗಳಿಗೆ ಹುರಿಯನ್ನೂ ಲಂಗರನ್ನೂ ಕಟ್ಟಿ ನೀರಿನಲ್ಲಿ ತೇಲಬಿಟ್ಟು, ತಾನು ಮರೆಯಲ್ಲಿ ಕುಳಿತನು. ಈ ಮರದ ದೀವಗಳನ್ನು ಕೆತ್ತಿದವರು ಯಾರೆಂದು ಹುಡುಕುವುದು ಆ ದೇಶದಲ್ಲಿ ಈಗ ಒಂದು ಶಾಸ್ತ್ರದಂತೆಯೇ ಬೆಳೆದಿದೆ. ಶಿಷ್ಯನು ತಂದುಕೊಟ್ಟ ಪುಸ್ತಕಗಳಿಂದ ನಾವು ತಿಳಿದಷ್ಟನ್ನು ಹೇಳುತ್ತೇವೆ.

ಈ ವಿದ್ಯೆಯನ್ನು ಐರೋಪ್ಯರು ಅಲ್ಲಿಗೆ ಒಯ್ಯಲಿಲ್ಲ. ಅಲ್ಲಿನ ಮೂಲನಿವಾಸಿಗಳು ಅದನ್ನು ಬಹು ಹಿಂದೆಯೇ ಬಲ್ಲವರಾಗಿದ್ದರು. 1924ರಲ್ಲಿ ನೆವಾಡ ಸಂಸ್ಥಾನದ ಲವ್‌ಲಾಕ್ ಎಂಬ ಗುಹೆಯನ್ನು ಅಗೆದಾಗ, ಜೊಂಡುಹುಲ್ಲನ್ನು ಮಡಿಸಿ ಕಟ್ಟಿ ಮಾಡಿದ 11 ಬಾತುಗಳು ಒಂದು ಗುಂಡಿಯಲ್ಲಿ ಸಿಕ್ಕಿದುವು. ಕೆಲವಕ್ಕೆ ಬಣ್ಣ ಬಳಿದು ಗರಿಗಳನ್ನೂ ಸಿಕ್ಕಿಸಿದ್ದರು. ಅವುಗಳ ವಯಸ್ಸು ಸುಮಾರು 2000 ವರ್ಷ. ಯಾರ ಕೈ ಅವನ್ನು ಕಟ್ಟಿತೋ ಬಲ್ಲವರಿಲ್ಲ.

ಹತ್ತೊಂಬತ್ತನೆಯ ಶತಮಾನದಲ್ಲಿ ರೈಲುದಾರಿಗಳಾಗಿ, ಪಟ್ಟಣಗಳು ಬೆಳೆದು, ಕಾಡುಬಾತಿನ ಮಾಂಸಕ್ಕೆ ಬೆಲೆ ಬಂದಿತು. ಚೆಸಪೀಕ್ ಕೊಲ್ಲಿಯಂತಹ ಕಡೆಗಳಲ್ಲಿ ಬಾತುಗಳನ್ನು ಹೊಡೆದು ಪೇಟೆಗೆ ಕಳುಹಿಸುವುದೇ ಅನೇಕರ ಜೀವನೋಪಾಯವಾಯಿತು. ಒಬ್ಬೊಬ್ಬ ಬೇಟೆಗಾರನು ನೂರಾರು ಮರದ ಬಾತುಗಳನ್ನು ನೀರಿಗೆ ಬಿಡುತ್ತಿದ್ದನು. ಆದಕಾರಣ ತೀರದ ಊರೂರಿನಲ್ಲಿಯೂ ಅವನ್ನು ಕೆತ್ತುವವರಿದ್ದರು. ಇವರಾರೂ ತಾವು ಶಿಲ್ಪಿಗಳೆಂದು ತಿಳಿದವರಲ್ಲ. ದೋಣಿ ಕಟ್ಟುವವರು, ಬೆಸ್ತರು, ಬಡಗಿಗಳು ಚಳಿಗಾಲದ ಬಿಡುವಿನಲ್ಲಿ ಬಾಚಿ, ಉಳಿ, ಅರಗಳನ್ನು ಹಿಡಿದು ಬಾತುಗಳನ್ನು ಮಾಡಿ ಅಲ್ಪ ಬೆಲೆಗೆ ಮಾರಿದರು.

ಈ ಬೇಟೆಯ ಪರಿಣಾಮ ಘೋರವಾಯಿತು. ಹಕ್ಕಿಗಳ ಸಂಖ್ಯೆ ಕುಗ್ಗಿತು. 1916ರಲ್ಲಿ ಕೆನಡದ ಪರವಾಗಿ ಬ್ರಿಟನ್ನಿನೊಡನೆ ಒಪ್ಪಂದವಾಗಿ, 1918ರ ವಲಸೆಹಕ್ಕಿಗಳ ಕಾಯಿದೆಯಿಂದ ಮಾರಾಟಕ್ಕಾಗಿ ಬೇಟೆಯಾಡುವುದು ನಿಷಿದ್ಧವಾಯಿತು. ಇದು ಆಗಬೇಕಾದ ಕಾರ್ಯವೇ. ಆದರೆ ಅದರೊಡನೆ ಕೆತ್ತುವವರ ಕಸಬಿಗೂ ಪೆಟ್ಟುಬಿದ್ದಿತು. ಮಾಡಿದ ಬಾತುಗಳಲ್ಲಿ ಎಷ್ಟೋ ಒಲೆಗೆ ಹೋದುವು, ಎಷ್ಟೋ ದೋಣಿಮನೆಗಳ ಮೂಲೆಯಲ್ಲಿ ಧೂಳು ಹಿಡಿದುವು.

ಅವುಗಳಲ್ಲಿ ಕಲೆಯುಂಟೆಂದು ಮೊದಲು ಸಾರಿದವರಲ್ಲಿ ಜೋಯೆಲ್ ಬಾರ್ಬರ್ ಎಂಬವರು ಮುಖ್ಯರು. ನ್ಯೂಯಾರ್ಕಿನಲ್ಲಿ ಕಟ್ಟಡಗಳ ನಕ್ಷೆ ಬರೆಯುವ ಉದ್ಯೋಗದಲ್ಲಿದ್ದ ಇವರು 1934ರಲ್ಲಿ ಮರದ ಬಾತುಗಳನ್ನು ಕುರಿತ ಮೊದಲ ಗ್ರಂಥವನ್ನು ಪ್ರಕಟಿಸಿದರು. ಇವರು ಕೂಡಿಟ್ಟ ಬಾತುಗಳು ಈಗ ವರ್ಮಾಂಟ್ ಸಂಸ್ಥಾನದ ಶೆಲ್ಬರ್ನ್ ವಸ್ತುಸಂಗ್ರಹಾಲಯದಲ್ಲಿವೆ. 1965ರಲ್ಲಿ ವಿಲಿಯಂ ಮ್ಯಾಕಿ ಎಂಬವರು ಇನ್ನೊಂದು ದೊಡ್ಡ ಗ್ರಂಥವನ್ನು ಬರೆದರು. ಅಲ್ಲಿಂದೀಚೆಗೆ ಕೆಲವರ ಹೆಸರು ಮೇಲೆದ್ದು ಬಂದಿತು. ಕೇಪ್ ಕಾಡ್ ತೀರದ ಎಲ್ಮರ್ ಕ್ರೊವೆಲ್ ಎಂಬವರು ಕೆತ್ತಿದ ಎರಡು ಹಕ್ಕಿಗಳು 2007ರಲ್ಲಿ ತಲಾ 11 ಲಕ್ಷ ಡಾಲರುಗಳಿಗೂ ಹೆಚ್ಚಿನ ಬೆಲೆಗೆ ಮಾರಾಟವಾದುವು. ಮೇರಿಲೆಂಡಿನ ಕ್ರಿಸ್‌ಫೀಲ್ಡ್ ಎಂಬ ಊರಿನಲ್ಲಿ ಸ್ಟೀವ್ ವಾರ್ಡ್, ಲೆಮ್ ವಾರ್ಡ್ ಎಂಬ ಸೋದರರಿದ್ದರು. ಇವರ ಕಸಬು ಕ್ಷೌರಿಕವೃತ್ತಿ. ಗಿರಾಕಿಗಳಿಲ್ಲದ ವೇಳೆಯಲ್ಲಿ ಹೆಚ್ಚಾಗಿ ಅಣ್ಣನು ಕೆತ್ತುವನು, ತಮ್ಮನು ಬಣ್ಣ ಬರೆಯುವನು. ತಮ್ಮನಿಗೆ 1983ರಲ್ಲಿ ರಾಷ್ಟ್ರದ ಜಾನಪದ ಕಲೆಗಳ ಗೌರವವೂ ಸಂದಿತು.

ಇವರು ಭಾಗ್ಯವಂತರು. ಇವರಂತೆಯೇ ಕೆತ್ತಿ ಹೆಸರಿಲ್ಲದೆ ಹೋದವರನ್ನು ಗುರುತಿಸುವುದು ಹೇಗೆ? ಇಲ್ಲಿ ನಮ್ಮ ನ್ಯಾಯಶಾಸ್ತ್ರದ ಅನುಮಾನಪ್ರಮಾಣಕ್ಕೆ ಒಳ್ಳೆಯ ಕೆಲಸವುಂಟು.

ಮೊದಲು ಪ್ರಾಂತವನ್ನು ನಿಶ್ಚಯಿಸುವರು. ನೀರು ಹೇಗೋ ಬಾತೂ ಹಾಗೆ. ನ್ಯೂಜೆರ್ಸಿಯ ಬೇಟೆಗಾರನು ಸಣ್ಣ ದೋಣಿಯಲ್ಲಿ ಒಬ್ಬನೇ ಹೋಗುವವನಾದ್ದರಿಂದ, ಹಗುರವಾದ ಸೀಡರ್ ಮರದ ಎರಡು ತುಂಡುಗಳನ್ನು ಒಳಗೆ ಟೊಳ್ಳುಮಾಡಿ ಸೇರಿಸಿದನು. ಚೆಸಪೀಕ್ ಕೊಲ್ಲಿಯ ತಲೆಯ ಭಾಗದಲ್ಲಿ ದೊಡ್ಡ ದೋಣಿಗಳಿದ್ದುದರಿಂದ ಟೊಳ್ಳಿಲ್ಲದ, ಅಡಿ ದುಂಡಾದ ಬಾತುಗಳು ಹುಟ್ಟಿದುವು. ಕನೆಕ್ಟಿಕಟ್ಟಿನ ಸ್ಟ್ರಾಟ್‌ಫರ್ಡಿನಲ್ಲಿ ನೀರಿನ ಮೇಲೆ ತೇಲುವ ಮಂಜುಗಡ್ಡೆಯನ್ನು ಮೀರಿ ನಿಲ್ಲುವಂತೆ ಎದೆಯನ್ನು ಎತ್ತರಿಸಿದರು. ಲೂಸಿಯಾನದ ಜೌಗುಸೀಮೆಯಲ್ಲಿ ಸೈಪ್ರೆಸ್ ಮರದ ಬೇರು ಹಗುರವೆಂದು ಅದನ್ನೇ ಬಳಸಿದರು.

ಬಳಿಕ ಕೈಯನ್ನು ಹುಡುಕುವರು. ಒಂದೇ ದೋಣಿಮನೆಯಲ್ಲಿ ಒಟ್ಟಿಗೆ ಉಳಿದ ಬಾತುಗಳನ್ನು ಸಾಲಾಗಿಟ್ಟು, ಮೂಗಿನ ಹೊಳ್ಳೆಯ ಗೀರು, ಕೊಕ್ಕು ಕೆನ್ನೆಯನ್ನು ಸೇರುವ ರೇಖೆ, ಕುತ್ತಿಗೆಯನ್ನು ಕೂರಿಸಿದ ರೀತಿ, ಅಡಿಗೆ ಹಾಕಿದ ಸೀಸದ ಆಕಾರ, ಮೊಳೆಗಳ ಬಗೆ ಇವನ್ನು ನೋಡುವರು. ಮನುಷ್ಯನು ಎಚ್ಚರದಿಂದ ಮಾಡಿದ ಭಾಗವನ್ನು ಇನ್ನೊಬ್ಬನು ಅನುಕರಿಸಬಲ್ಲನು. ಅಭ್ಯಾಸಬಲದಿಂದ ತಾನಾಗಿ ಮಾಡಿದ ಭಾಗವನ್ನು ಅನುಕರಿಸುವುದು ಕಷ್ಟ. ನಲವತ್ತು ಮಕ್ಕಳ ಕಾಪಿಪುಸ್ತಕಗಳನ್ನು ತಿದ್ದಿದ ಉಪಾಧ್ಯಾಯನಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ಹೆಸರು ಬರೆಯದಿದ್ದರೂ ಯಾವ ಹುಡುಗನ ಬರಹವೆಂದು ಅವನು ಹೇಳಬಲ್ಲನು.

ಕೊನೆಗೆ ಹೆಸರು. ಇದಕ್ಕೆ ಊರಿನ ಮುದುಕರ ಮಾತು, ಹಳೆಯ ಛಾಯಾಚಿತ್ರಗಳು, ಅಂಗಡಿಯ ಲೆಕ್ಕದ ಪುಸ್ತಕಗಳು, ಸರಕಾರದ ಖಾನೇಷುಮಾರಿ ಇವೇ ಆಧಾರ. ಆ ದೇಶದಲ್ಲಿ 1850ರಿಂದ ಮನೆಯ ಯಜಮಾನನಷ್ಟೇ ಅಲ್ಲದೆ ಸ್ವತಂತ್ರರಾದ ಪ್ರತಿಯೊಬ್ಬರ ಹೆಸರನ್ನೂ ಬರೆದರು. ಆಗ ದಾಸ್ಯದಲ್ಲಿದ್ದವರಿಗೆ ಅಲ್ಲಿಯೂ ಹೆಸರಿಲ್ಲ. 1890ರ ಖಾನೇಷುಮಾರಿಯ ಬಹುಭಾಗ 1921ರಲ್ಲಿ ಬಿದ್ದ ಬೆಂಕಿಯಿಂದ ನಷ್ಟವಾಯಿತು. ಈ ಕಸಬು ಚೆನ್ನಾಗಿ ನಡೆಯುತ್ತಿದ್ದ ಕಾಲದ ಲೆಕ್ಕವೇ ಹೀಗೆ ಹೋಯಿತು.

ಇನ್ನು ನಮ್ಮ ಶಿಷ್ಯನ ಎರಡು ಅಕ್ಷರಗಳು. ಪುಸ್ತಕಗಳನ್ನು ಓದಿದ ಮೇಲೆ ನಮಗೆ ತಿಳಿದುದೇನೆಂದರೆ, ಸುಟ್ಟು ಹಾಕಿದ ಮುದ್ರೆಗಳಲ್ಲಿ ಬಹುಪಾಲು ಮಾಡಿದವನವಲ್ಲ, ಒಡೆಯನವು. ಹುರಿ ಕಡಿದು ಬಾತು ತೇಲಿಹೋದರೆ ಇಂತಹವರದೆಂದು ತಿಳಿಯಲಿ ಎಂದು ಬೇಟೆಗಾರರೂ ಅವರ ಸಂಘಗಳೂ ಮುದ್ರೆಯೊತ್ತುತ್ತಿದ್ದರು. ಕ್ರೊವೆಲ್ಲರಂತೆ ತಮ್ಮದೇ ಅಂಡಾಕಾರದ ಮುದ್ರೆಯನ್ನು ಹಾಕಿದವರು ಕೆಲವರೇ. ನಮ್ಮ ನಾಡಿನ ಹೊಯ್ಸಳ ದೇವಾಲಯಗಳಲ್ಲಿ ಮಲ್ಲಿತಮ್ಮ, ಬಳ್ಳಿಗಾವೆಯ ದಾಸೋಜ ಮೊದಲಾದ ರೂವಾರಿಗಳು ವಿಗ್ರಹದ ಕೆಳಗೆ ಸ್ವಂತ ಹೆಸರನ್ನು ಕೆತ್ತಿರುವುದನ್ನು ಕಂಡು ಅಭ್ಯಾಸವಾದ ನಮಗೂ ಮೊದಲು ಶಿಷ್ಯನ ಮಾತೇ ಸರಿಯೆಂದು ತೋರಿದ್ದಿತು. ಅಕ್ಷರವಿದ್ದಲ್ಲೆಲ್ಲ ಕರ್ತೃವಿನ ಹೆಸರೆಂಬ ವ್ಯಾಪ್ತಿ ಇಲ್ಲಿ ಸಲ್ಲದು.

ಅವನು ಎರಡನೆಯ ಸಲ ಬಂದಾಗ ಇದನ್ನು ಹೇಳಿದೆವು. ಅವನ ಮುಖ ಬಾಡಿತು. “ಹಾಗಾದರೆ ಮಾಡಿದವನು ಯಾರೆಂದು ತಿಳಿಯುವುದೇ ಇಲ್ಲವೆ, ಮೇಷ್ಟ್ರೇ?” ಎಂದನು. ಟೊಳ್ಳಿಲ್ಲದ ಮೈ, ದುಂಡಾದ ಅಡಿ. ಚೆಸಪೀಕ್ ಕೊಲ್ಲಿಯ ಮೇಲ್ಭಾಗದ ರೀತಿಯೆಂದು ಹೇಳಬಹುದು, ಅದಕ್ಕಿಂತ ಹೆಚ್ಚು ಹೇಳಿದರೆ ಸುಳ್ಳಾದೀತು ಎಂದೆವು. ಈ ಸುಳ್ಳಿಗೆ ಆಸೆಯೂ ಇಲ್ಲದಿಲ್ಲ. ಹೆಸರು ಬಿದ್ದರೆ ಬೆಲೆ ಏರುತ್ತದೆ. ಅಂತೆಯೇ ಪ್ರಸಿದ್ಧರ ಹೆಸರನ್ನು ಅಪ್ರಸಿದ್ಧರ ಕೆಲಸಕ್ಕೆ ಅಂಟಿಸುವ ಅಪಾಯವಿದೆ. ಹಾಗೆ ಮಾಡಿದರೆ ಬಡವನು ಎರಡು ಸಲ ಕಳೆದುಹೋದಂತೆ. ಒಮ್ಮೆ ಮರೆವಿನಿಂದ, ಇನ್ನೊಮ್ಮೆ ಕಳವಿನಿಂದ.

ಇನ್ನೊಂದು ತೊಡಕೂ ಇದೆ. ನೀರಿನಲ್ಲಿ ಬಣ್ಣ ಮಾಸುವುದರಿಂದ ಬೇಟೆಗಾರರು ಬಾತುಗಳಿಗೆ ಮತ್ತೆ ಮತ್ತೆ ಬಣ್ಣ ಬಳಿದರು. ತಲೆ ಮುರಿದರೆ ಬೇರೆಯವನಿಂದ ತಲೆ ಮಾಡಿಸಿದರು. ಒಂದೇ ಬಾತಿಗೆ ಇಬ್ಬರು ಮೂವರು ಕರ್ತೃಗಳಾದರು. ಮನೆಯ ಹೆಂಗಸರ ಪಾಲಂತೂ ಬಹುಕಾಲ ಹಿಂದೆಯೇ ಉಳಿಯಿತು. ಇಲಿನಾಯ್ ನದಿಯ ದಡದ ಚಾರ್ಲ್ಸ್ ಪರ್ಡ್ಯೂ ಎಂಬವರ ಬಾತುಗಳಿಗೆ ಬಣ್ಣ ಬರೆದವರು ಅವರ ಪತ್ನಿ ಎಡ್ನಾ. ಅದೇ ನದಿಯ ರಾಬರ್ಟ್ ಎಲಿಸ್ಟನ್ನರಿಗೆ ಅವರ ಪತ್ನಿ ಕ್ಯಾಥರೀನ್. ಇವರಿಬ್ಬರ ಹೆಸರಾದರೂ ಉಳಿದಿದೆ.

ಶಿಷ್ಯನು ಹೋದ ಮೇಲೆ ನಮ್ಮ ಮನೆಯವರು ಒಂದು ಮಾತು ಕೇಳಿದರು: “ಆ ದೇಶದ ಬಾತು ಮಾಡಿದವನನ್ನು ಇಷ್ಟು ಹುಡುಕಿದಿರಿ. ಅಟ್ಟದ ಮೇಲಿನ ನಮ್ಮ ತೊಟ್ಟಿಲನ್ನು ಮಾಡಿದವರು ಯಾರು?” ನಮಗೆ ಉತ್ತರ ಹೊಳೆಯಲಿಲ್ಲ. ನಮ್ಮ ಅಣ್ಣನವರು ಹುಟ್ಟಿದಾಗ ಮಾಡಿಸಿದ ತೊಟ್ಟಿಲು ಅದು. ನಾವೂ, ನಮ್ಮ ಮಕ್ಕಳೂ, ಈ ಮೊಮ್ಮಗಳೂ ಮಲಗಿದ್ದುದು ಅದರಲ್ಲಿಯೇ. ಅರುವತ್ತು ವರ್ಷ ನಾವು ಒಮ್ಮೆಯೂ ಇದನ್ನು ಕೇಳಿರಲಿಲ್ಲ.

ಎಂಬತ್ತೆಂಟು ವಯಸ್ಸಿನ ಚಿಕ್ಕಮ್ಮನವರಿಗೆ ದೂರವಾಣಿ ಮಾಡಿದೆವು. “ಹೊಳೆಯಾಚೆ ಊರಿನ ಆಚಾರಿ ಕಣಪ್ಪ. ಎಡಗೈಯವನು. ನಮ್ಮ ಜಗಲಿಯ ಮೇಲೇ ಕೂತು ಮಾಡಿದ. ಹೆಸರು ಬಾಯಿಗೆ ಬರಲೊಲ್ಲದು,” ಎಂದರು. ತೊಟ್ಟಿಲನ್ನು ಇಳಿಸಿ, ಮಗುಚಿ, ಬೆಳಕಿಗೆ ಹಿಡಿದು ನೋಡಿದೆವು. ಮೇಲೆ ನಯವಾದ ಅರಗಿನ ಬಣ್ಣ. ಅಡಿಯ ಹಲಗೆಯಲ್ಲಿ ಮಾತ್ರ ಬಾಚಿಯ ಗುರುತುಗಳು ಹಾಗೆಯೇ ಉಳಿದಿದ್ದುವು. ನಮ್ಮೂರಿನ ಬಡಗಿಯನ್ನು ಕರೆಸಿ ತೋರಿಸಲು, ಅವನು ತನ್ನ ಕೈಯನ್ನು ಆ ಗುರುತುಗಳ ಮೇಲೆ ಆಡಿಸಿ, “ಸ್ವಾಮಿ, ಏಟು ಈ ಕಡೆಯಿಂದ ಬಿದ್ದಿದೆ. ಇದು ಎಡಗೈಯವನ ಕೆಲಸವೇ,” ಎಂದನು. ಚಿಕ್ಕಮ್ಮನವರ ಮಾತಿಗೆ ಮರವೇ ಸಾಕ್ಷಿಯಾಯಿತು.

ಒಂದು ಚೀಟಿಯಲ್ಲಿ, “ಹೊಳೆಯಾಚೆ ಊರಿನ ಎಡಗೈ ಆಚಾರಿ ಮಾಡಿದುದು. ಹೆಸರು ತಿಳಿಯದು. ಹೇಳಿದವರು ಚಿಕ್ಕಮ್ಮನವರು,” ಎಂದು ಬರೆದು ದಿನಾಂಕ ಹಾಕಿ ತೊಟ್ಟಿಲಿನ ಅಡಿಗೆ ಅಂಟಿಸಿದ್ದೇವೆ. ತಿಳಿದಷ್ಟೇ ಬರೆದುದರಿಂದ ಮುಂದೆ ಹುಡುಕುವವರಿಗೆ ದಾರಿ ತಪ್ಪದು. ಆ ಊರಿಗೆ ಹೋಗಿ ವಿಚಾರಿಸಬೇಕೆಂದೂ ಇದ್ದೇವೆ.

ವಾಚಕ ಮಹಾಶಯರ ಮನೆಗಳಲ್ಲಿಯೂ ಮರಿಗೆ, ಮಣೆ, ಒರಳು, ಕೌದಿಗಳು ಇದ್ದೇ ಇರುವುವು. ಮಾಡಿದವರನ್ನು ಕಂಡ ಹಿರಿಯರು ಇನ್ನೂ ಒಬ್ಬರಾದರೂ ಇರಬಹುದು. ಈ ಭಾನುವಾರ ಅವರ ಬಳಿ ಕುಳಿತು ಕೇಳಿರಿ. ಕೇಳಿದುದನ್ನು ಆ ದಿನವೇ ಬರೆದಿಡಿರಿ. ನಮ್ಮ ಚಿಕ್ಕಮ್ಮನವರನ್ನು ಹತ್ತು ವರ್ಷ ಮೊದಲು ಕೇಳಿದ್ದರೆ ಆ ಹೆಸರು ನಮಗೆ ಸಿಕ್ಕುತ್ತಿತ್ತು.