ಕೆಳಗಿನ ಪೆಟ್ಟಿಗೇನೂ ಒಮ್ಮೆ ನೋಡ್ರಪ್ಪ!

ಒಂದೇ ಸರ್ವರಿನಲ್ಲಿ ಕೆವಿಎಂ ಹಾಕಿ ಆರು ವರ್ಚುವಲ್ ಯಂತ್ರ, ಎರಡು ಬ್ರಿಡ್ಜು, ಒಂದು ಫೈರ್‌ವಾಲ್ ಕಟ್ಟಿ ಮೆರೀತಿದ್ದೆ. ಏನಾದ್ರೂ ಕೆಟ್ಟರೆ ಸ್ನ್ಯಾಪ್‌ಶಾಟಿಗೆ ವಾಪಸ್, ಇನ್ನೇನು ಭಯ?

ಒಂದು ಬೆಳಿಗ್ಗೆ ಇಡೀ ನೆಟ್‌ವರ್ಕೇ ಮಾಯ! ರೈಡ್ ಮಿರರಿನ ಒಂದು ಡಿಸ್ಕು ವಾರಗಳ ಹಿಂದೆಯೇ ಸತ್ತಿತ್ತಂತೆ, ಅವತ್ತು ಇನ್ನೊಂದೂ ಹೋಯ್ತು. ಸ್ನ್ಯಾಪ್‌ಶಾಟುಗಳೂ ಅದರಲ್ಲೇ... ನಿಗಾ ಇಡಬೇಕಿದ್ದ ನಾಗಿಯೋಸೂ ಅದರೊಳಗೇ!

ವರ್ಚುವಲ್ ಯಂತ್ರಕ್ಕೆ ತನ್ನ ಡಿಸ್ಕು ಅಂದ್ರೆ ಹೋಸ್ಟಿನಲ್ಲಿರೋ ಒಂದು ಫೈಲು ಅಷ್ಟೇ. ಕೆಳಗಿನ ಕಾಯಿಲೆ ಅದಕ್ಕೆ ಕಾಣಲ್ಲ. ಹಾಗಾಗಿ ನಾನನ್ನೋದು ಇಷ್ಟೇ: ಮೊದಲನೇ ಯಂತ್ರ ಕಟ್ಟೋ ಮುಂಚೆಯೇ ಹೋಸ್ಟಿನಲ್ಲಿ ಸ್ಮಾರ್ಟ್‌ಡಿ ಓಡ್ಲಿ, ರೈಡ್ ಸ್ಥಿತಿ ನೋಡಿ, ಐಪಿಎಂಐ ಇದ್ರೆ ಫ್ಯಾನು, ಶಾಖಾನೂ ಗಮನಿಸಿ. ಎಚ್ಚರಿಕೆ ಮಾತ್ರ ಬೇರೆ ಯಂತ್ರಕ್ಕೆ ಹೋಗ್ಬೇಕು.

ನಿಮ್ಮ ಹೋಸ್ಟಿನ ಡಿಸ್ಕು ಕೊನೇ ಸಲ ಯಾವಾಗ ನೋಡಿದ್ರಿ?