ಓಡಿಸುವವನು ಒಡೆಯನಾದ ಮೇಲೆ

ಕಬ್ಬಿನ ಹಂಗಾಮು ಆರಂಭವಾಯಿತೆಂದರೆ ಮುಧೋಳ, ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯ ರಸ್ತೆಗಳಿಗೆ ರಾತ್ರಿ ಎಂಬುದೇ ಇರುವುದಿಲ್ಲ. ಇಕ್ಕೆಲಗಳಿಗೂ ಚಾಚಿಕೊಂಡ ಹೊರೆಯ ಕೆಳಗೆ ನರಳುತ್ತ ಲಾರಿಗಳೂ ಜೋಡಿ ಟ್ರ್ಯಾಲಿಗಳೂ ಕಾರ್ಖಾನೆಗಳತ್ತ ತೆವಳುತ್ತವೆ. ಅಲ್ಲಿ ಸರದಿ ಬರುವವರೆಗೆ ಚಾಲಕರು ಚಕ್ರದ ಪಕ್ಕದಲ್ಲೇ ಚಾದರ ಹಾಸಿ ಮಲಗುತ್ತಾರೆ. ಮುಧೋಳ ತಾಲ್ಲೂಕಿನ ತಿಮ್ಮಾಪುರಕ್ಕೆ ಈ ದೃಶ್ಯ ಹೊಸದಲ್ಲ. ಮಹಾಕವಿ ರನ್ನನ ಹೆಸರಿನ ರನ್ನನಗರದಲ್ಲಿ ರೈತರ ಸಹಕಾರಿ ಸಕ್ಕರೆ ಕಾರ್ಖಾನೆ ತಲೆಯೆತ್ತಿದ್ದು ಇಲ್ಲಿಯೇ. ಚಿಮಣಿ ಹೊಗೆಯಾಡಿದ ವರ್ಷಗಳನ್ನೂ ಬಾಗಿಲು ಮುಚ್ಚಿದ ಹಂಗಾಮುಗಳನ್ನೂ ಈ ಊರು ಕಂಡಿದೆ. ಕಾರ್ಖಾನೆ ನಿಂತಾಗ ಕಬ್ಬು ಬೆಳೆದವನ ಸಂಕಟ ಸುದ್ದಿಯಾಗುತ್ತದೆ, ಕಾರ್ಮಿಕನ ಬಾಕಿ ವೇತನವೂ ಸುದ್ದಿಯಾಗುತ್ತದೆ. ಹಂಗಾಮನ್ನೇ ನೆಚ್ಚಿ ಸಾಲ ಮಾಡಿ ಲಾರಿ ಕೊಂಡವನ ಹೆಸರನ್ನು ಮಾತ್ರ ಯಾರೂ ಎತ್ತುವುದಿಲ್ಲ.

ಇವನು ಹಳೆಯ ಅರ್ಥದ ಸಾಹುಕಾರನಲ್ಲ. ಎಂಟೋ ಹತ್ತೋ ವರ್ಷ ಇನ್ನೊಬ್ಬರ ಲಾರಿಯ ಚುಕ್ಕಾಣಿ ಹಿಡಿದು, 'ಇಷ್ಟೆಲ್ಲ ದುಡಿಯುವುದು ನಾನು, ಲಾಭ ಮಾತ್ರ ಮಾಲೀಕನಿಗೆ' ಎಂದು ಒಂದು ದಿನ ಅನಿಸಿದವನು. ಹಾಗೆ ಅನಿಸುವುದರಲ್ಲಿ ತಪ್ಪೇನೂ ಇಲ್ಲ. ವಿಜಯ ಸಂಕೇಶ್ವರರು 1976ರಲ್ಲಿ ಗದಗಿನಲ್ಲಿ ಒಂದೇ ಲಾರಿಯಿಂದ ಆರಂಭಿಸಿ ದೇಶದ ದೊಡ್ಡ ಸಾರಿಗೆ ಸಂಸ್ಥೆಗಳಲ್ಲೊಂದನ್ನು ಕಟ್ಟಿದ ಕಥೆ ಉತ್ತರ ಕರ್ನಾಟಕದ ಪ್ರತಿಯೊಂದು ಲಾರಿ ಅಡ್ಡೆಯಲ್ಲಿಯೂ ಬಾಯಿಪಾಠ. ಆದರೆ ಒಂದು ಲಾರಿಯಿಂದ ಆರಂಭಿಸಿ ಒಂದು ಲಾರಿಯನ್ನೂ ಉಳಿಸಿಕೊಳ್ಳಲಾಗದವರ ಕಥೆಯನ್ನು ಯಾರೂ ಬರೆದಿಡುವುದಿಲ್ಲ. ಸಾಲದ ಪತ್ರಕ್ಕೆ ಸಹಿ ಹಾಕುವ ಹೊತ್ತಿನಲ್ಲಿ ಚಾಲಕನ ಕಣ್ಣ ಮುಂದಿರುವುದು ಮೊದಲನೆಯ ಕಥೆ ಮಾತ್ರ.

ಆ ಪತ್ರವನ್ನೇ ಸ್ವಲ್ಪ ಬಿಡಿಸಿ ನೋಡೋಣ. ಮೂವತ್ತು ಲಕ್ಷ ರೂಪಾಯಿ ಸಾಲ, ಐದು ವರ್ಷದ ಅವಧಿ, 'ಬರೀ ಶೇ 7ರ ಬಡ್ಡಿ' ಎಂದು ಏಜೆಂಟ್ ಹೇಳಿದನೆನ್ನಿ. ಇದು ವಾಹನ ಸಾಲದ ಪೇಟೆಯಲ್ಲಿ 'ಫ್ಲ್ಯಾಟ್' ದರ ಎಂದು ಕರೆಯಲ್ಪಡುವ ಲೆಕ್ಕ. ಅಸಲು ತಿಂಗಳು ತಿಂಗಳೂ ಕರಗುತ್ತಿದ್ದರೂ ಬಡ್ಡಿ ಮಾತ್ರ ಇಡೀ ಮೂವತ್ತು ಲಕ್ಷದ ಮೇಲೆ, ಐದು ವರ್ಷವೂ. ಒಟ್ಟು ಬಡ್ಡಿ ಹತ್ತೂವರೆ ಲಕ್ಷ. ತಿಂಗಳ ಕಂತು 67,500 ರೂಪಾಯಿ. ಉಳಿದ ಅಸಲಿನ ಮೇಲೆ ಲೆಕ್ಕ ಹಾಕಿದರೆ ಅದೇ ಶೇ 7 ವಾಸ್ತವದಲ್ಲಿ ಶೇ 12ನ್ನೂ ದಾಟುತ್ತದೆ. ಸಾಲದ ನಿಜವಾದ ವಾರ್ಷಿಕ ದರವನ್ನು ತೋರಿಸುವ ಮುಖ್ಯಾಂಶಗಳ ಪತ್ರವನ್ನು ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2024ರ ಅಕ್ಟೋಬರ್ 1ರಿಂದ ಕಡ್ಡಾಯ ಮಾಡಿರುವುದು ಈ ಕಾರಣಕ್ಕಾಗಿಯೇ. ಆ ಒಂದು ಹಾಳೆಯನ್ನು ಓದದೆ ಸಹಿ ಹಾಕುವವನು ಕಂತಿನ ಮೊತ್ತವನ್ನು ಬಲ್ಲ, ಸಾಲದ ಬೆಲೆಯನ್ನು ಅರಿಯ.

67,500 ಎಂದರೆ ದಿನಕ್ಕೆ 2,250 ರೂಪಾಯಿ. ಡೀಸೆಲ್, ಟೈರು, ಟೋಲ್, ವಿಮೆ, ಪರ್ಮಿಟ್ಟುಗಳ ಮಾತನ್ನು ಇನ್ನೂ ಎತ್ತಿಲ್ಲ. ಲಾರಿ ಓಡಿದರೂ ನಿಂತರೂ, ಚಾಲಕ ಎಚ್ಚರವಿದ್ದರೂ ಮಲಗಿದರೂ ಈ ಮೊತ್ತ ಬೆಳೆಯುತ್ತಲೇ ಇರುತ್ತದೆ. ಕಾರ್ಖಾನೆಯ ಅಂಗಳದಲ್ಲಿ ಎರಡು ದಿನ ಸರದಿ ಕಾದರೆ ನಾಲ್ಕೂವರೆ ಸಾವಿರ ಹೋಯಿತು. ಕಬ್ಬು ಸಾಗಣೆಗೆ ಹಣ ಸಿಗುವುದು ಟನ್ನು ಮತ್ತು ದೂರದ ಲೆಕ್ಕದಲ್ಲಿಯೇ ಹೊರತು ಕಾದ ಗಂಟೆಗಳ ಲೆಕ್ಕದಲ್ಲಲ್ಲ. ಕಟಾವು ಮತ್ತು ಸಾಗಣೆಯ ವೆಚ್ಚವನ್ನು ಕಾರ್ಖಾನೆಗಳು ಕಬ್ಬಿನ ಬೆಲೆಯಲ್ಲಿಯೇ ಮುರಿದುಕೊಳ್ಳುವುದರಿಂದ ರೈತನಿಗೆ ಲಾರಿಯವನು ಸುಲಿಗೆಕೋರನಂತೆ ಕಾಣುತ್ತಾನೆ. ಕಟಾವಾದ ಕಬ್ಬು ಒಣಗಿ ತೂಕ ಕಳೆದುಕೊಳ್ಳುವ ಆತಂಕದಲ್ಲಿ ರೈತ ಅವಸರ ಮಾಡಿದಷ್ಟೂ ಲಾರಿಯವನಿಗೆ ರೈತ ಪೀಡಕನಂತೆ ಕಾಣುತ್ತಾನೆ. ಸರದಿ ನಿಧಾನವಾಗಿದ್ದಕ್ಕೆ ಕಾರಣವಾದ ಕಾರ್ಖಾನೆ ಈ ಜಗಳದಲ್ಲಿ ಎಲ್ಲಿಯೂ ಬರುವುದೇ ಇಲ್ಲ.

ಹಂಗಾಮು ಹೆಚ್ಚೆಂದರೆ ನಾಲ್ಕೈದು ತಿಂಗಳು. ಕಂತು ಹನ್ನೆರಡು ತಿಂಗಳು. ಈ ಅಂತರವನ್ನು ತುಂಬುವುದಕ್ಕೆಂದೇ ಲಾರಿ ದೂರದ ದಾರಿ ಹಿಡಿಯುತ್ತದೆ. ಲೋಕಾಪುರ, ಬಾಗಲಕೋಟೆ ಕಡೆಯ ಸಿಮೆಂಟು, ಮಹಾಲಿಂಗಪುರದ ಬೆಲ್ಲ, ಎಲ್ಲಿಂದಲೋ ಬಂದ ಮೆಕ್ಕೆಜೋಳ, ಈರುಳ್ಳಿ, ಸಿಕ್ಕಿದ್ದು ಹೇರಿಕೊಂಡು ಗದ್ದನಕೇರಿ ಕ್ರಾಸಿನಿಂದ ರಾಷ್ಟ್ರೀಯ ಹೆದ್ದಾರಿ 52ಕ್ಕೆ ಇಳಿದರೆ ಉತ್ತರಕ್ಕೆ ಸೊಲ್ಲಾಪುರ, ದಕ್ಷಿಣಕ್ಕೆ ಹುಬ್ಬಳ್ಳಿ. ಅಲ್ಲಿಂದ ಮುಂದೆ ಬಾಡಿಗೆ ಕರೆದತ್ತ. ಹೋಗುವಾಗ ಹೇರು ಖಚಿತ, ಬರುವಾಗಿನದು ದಲ್ಲಾಳಿಯ ಕೃಪೆ. ಪರಸ್ಥಳದ ಲಾರಿ ನಿಲ್ದಾಣದಲ್ಲಿ ಮೂರು ದಿನ ಕುಳಿತವನಿಗೆ ಅರ್ಧ ಬಾಡಿಗೆಯೂ ಲಾಭದಂತೆ ಕಾಣುತ್ತದೆ. ಆಗ ಅವನು ಉಳಿತಾಯ ಮಾಡಬಹುದಾದ ವೆಚ್ಚ ಒಂದೇ: ಇನ್ನೊಬ್ಬ ಮನುಷ್ಯ. ಮೊದಲು ಎರಡನೆಯ ಚಾಲಕ ಹೋಗುತ್ತಾನೆ, ಆಮೇಲೆ ಕ್ಲೀನರ್. ಹಿಂದಕ್ಕೆ ತೆಗೆಯುವಾಗ ಬದಿ ತಟ್ಟಿ ದಾರಿ ತೋರುತ್ತಿದ್ದ, ನಡುರಾತ್ರಿ ಮಾತನಾಡಿಸುತ್ತ ಚಾಲಕನನ್ನು ಎಚ್ಚರವಾಗಿಡುತ್ತಿದ್ದ ಆ ಹುಡುಗ ಈಗ ಅನೇಕ ಲಾರಿಗಳಲ್ಲಿ ಇಲ್ಲ. ಅವನ ಜಾಗವನ್ನು ತುಂಬಿರುವುದು ಮೊಬೈಲ್ ಮತ್ತು ಗುಟ್ಕಾ.

ಕಾನೂನು ಈ ವಿಷಯದಲ್ಲಿ ಮೌನವಾಗಿತ್ತೆಂದು ಹೇಳುವಂತಿಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ ಎಂಟು, ವಾರಕ್ಕೆ ನಲವತ್ತೆಂಟು ಗಂಟೆಗಳ ಮಿತಿಯನ್ನು ಹಾಕಿತ್ತು. ಆದರೆ ಅದು ಅನ್ವಯವಾಗುತ್ತಿದ್ದುದು ಐದು ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳಿಗೆ. ಒಂದೆರಡು ಲಾರಿ ಇಟ್ಟುಕೊಂಡವನ ಲಾರಿಯಲ್ಲಿ ದುಡಿಯುವವನಿಗೆ ಅದರ ರಕ್ಷಣೆ ಇರಲಿಲ್ಲ. ತನ್ನ ಲಾರಿಯನ್ನು ತಾನೇ ಓಡಿಸುವವನಿಗಂತೂ ಪ್ರಶ್ನೆಯೇ ಇಲ್ಲ. ಆ ಕಾಯ್ದೆಯನ್ನು ಒಳಗೊಂಡ ಔದ್ಯೋಗಿಕ ಸುರಕ್ಷತಾ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂದಿತು. ಈ ಮಿತಿ ಇಳಿಯಬಹುದೆಂದು ನಿರೀಕ್ಷಿಸಿದವರಿಗೆ ಸಿಕ್ಕಿದ್ದು ಐದರ ಬದಲಿಗೆ ಹತ್ತು! ಇನ್ನು ನ್ಯಾಷನಲ್ ಪರ್ಮಿಟ್ ಲಾರಿಗಳಲ್ಲಿ ಇಬ್ಬರು ಚಾಲಕರಿರಬೇಕೆಂಬ ನಿಯಮವನ್ನು ಕೇಂದ್ರ ಸರ್ಕಾರ 2018ರಲ್ಲಿಯೇ ಕೈಬಿಟ್ಟಿತು. ಆ ನಿಯಮ ಕಾಗದದಲ್ಲಿ ಮಾತ್ರ ಇತ್ತೆಂಬುದು ನಿಜ. ಆದರೂ ಕಾಗದದಲ್ಲಿಯಾದರೂ ಇತ್ತು.

ಅದೇ 2018ರ ಜುಲೈನಲ್ಲಿ ಲಾರಿಗಳ ಭಾರದ ಮಿತಿಯನ್ನು ಏರಿಸಲಾಯಿತು. ಮೂರು ಆ್ಯಕ್ಸಲ್‌ನ ಲಾರಿಯ ಒಟ್ಟು ತೂಕ 25 ಟನ್ನಿನಿಂದ 28.5 ಟನ್ನಿಗೆ ಏರಿತು. ದೇಶದ ಸಾಗಣೆ ವೆಚ್ಚ ತಗ್ಗಲೆಂಬ ಉದ್ದೇಶ ಒಳ್ಳೆಯದೇ. ಆದರೆ ಒಂದೇ ಆದೇಶದಿಂದ ಲಾರಿಗಳ ಒಟ್ಟು ಹೊರುವ ಶಕ್ತಿ ಹೆಚ್ಚಿದಾಗ, ಹೊರುವ ಸರಕು ಅಷ್ಟೇ ಇದ್ದರೆ ಬಾಡಿಗೆ ಏನಾಗುತ್ತದೆಂಬುದನ್ನು ಲೆಕ್ಕ ಹಾಕಲು ಅರ್ಥಶಾಸ್ತ್ರ ಓದಬೇಕಾಗಿಲ್ಲ. ಎರಡನೆಯ ವರ್ಷದ ಕಂತು ಕಟ್ಟುತ್ತಿದ್ದವನು ಹಳೆಯ ಬಾಡಿಗೆಯ ಲೆಕ್ಕದಲ್ಲಿ ಸಾಲ ಮಾಡಿದ್ದನಲ್ಲ! ಡೀಸೆಲ್ ಕಥೆಯೂ ಹಾಗೆಯೇ. 2025ರ ಏಪ್ರಿಲ್ 1ರಂದು ರಾಜ್ಯ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 18.44ರಿಂದ ಶೇ 21.17ಕ್ಕೆ ಏರಿಸಿದಾಗ ಲಾರಿ ಮಾಲೀಕರು ಮುಷ್ಕರ ಹೂಡಿದರು. ದೊಡ್ಡ ಸಂಸ್ಥೆಗಳು ಇಂಥ ಏರಿಕೆಯನ್ನು ಗ್ರಾಹಕನಿಗೆ ದಾಟಿಸಬಲ್ಲವು. ಒಂಟಿ ಲಾರಿಯವನು ಅದನ್ನು ತನ್ನ ನಿದ್ದೆಯಲ್ಲಿ ಮುರಿದುಕೊಳ್ಳುತ್ತಾನೆ.

ಅಷ್ಟಕ್ಕೂ ಇವನು ಮಾಲೀಕನೇ? ನಮ್ಮ ಕಾನೂನು ಇದಕ್ಕೆ ಕೊಡುವ ಉತ್ತರ ವಿಚಿತ್ರವಾಗಿದೆ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಬಾಡಿಗೆ-ಖರೀದಿ, ಲೀಸ್ ಅಥವಾ ಅಡಮಾನದಲ್ಲಿರುವ ವಾಹನ ಯಾರ ಸ್ವಾಧೀನದಲ್ಲಿದೆಯೋ ಅವನೇ ಮಾಲೀಕ. ಆದ್ದರಿಂದ ಅಪಘಾತದ ಪರಿಹಾರ ಕೊಡುವ ಹೊಣೆ ಸಾಲ ಕೊಟ್ಟ ಬ್ಯಾಂಕಿನದಲ್ಲ, ವಾಹನ ಇಟ್ಟುಕೊಂಡವನದು ಎಂದು ಸುಪ್ರೀಂ ಕೋರ್ಟು 2014ರ ಡಿಸೆಂಬರಿನಲ್ಲಿ ಹೇಳಿತು. 2020ರ ಅಕ್ಟೋಬರಿನಲ್ಲಿ ಅದೇ ನ್ಯಾಯಾಲಯ ಇನ್ನೊಂದು ಪ್ರಕರಣದಲ್ಲಿ, ಬಾಡಿಗೆ-ಖರೀದಿ ಕರಾರಿನಲ್ಲಿ ಕೊನೆಯ ಕಂತು ತೀರುವವರೆಗೂ ಸಾಲ ಕೊಟ್ಟ ಸಂಸ್ಥೆಯೇ ಮಾಲೀಕ, ಕಂತು ತಪ್ಪಿದರೆ ಅದು ವಾಹನವನ್ನು ವಶಕ್ಕೆ ಪಡೆಯುವುದು ಅಪರಾಧವಲ್ಲ ಎಂದಿತು. ಎರಡೂ ತೀರ್ಪುಗಳಿಗೆ ಅವುಗಳದೇ ತರ್ಕವಿದೆ, ಕಾನೂನಿನ ದೃಷ್ಟಿಯಿಂದ ಅವುಗಳ ನಡುವೆ ವಿರೋಧವೂ ಇಲ್ಲದಿರಬಹುದು. ಆದರೆ ಎರಡನ್ನೂ ಒಟ್ಟಿಗೆ ಇಟ್ಟು ನೋಡುವ ಚಾಲಕನಿಗೆ ಅರ್ಥವಾಗುವುದು ಇಷ್ಟೇ: ಯಾರಾದರೂ ಸತ್ತರೆ ಲಾರಿ ನನ್ನದು, ಕಂತು ತಪ್ಪಿದರೆ ಲಾರಿ ಅವರದು.

ನಮ್ಮ ಕಡೆ ಹೊಲವನ್ನು ಲಾವಣಿಗೆ ಹಿಡಿಯುವುದು ಹಳೆಯ ರೂಢಿ. 1974ರಲ್ಲಿ ಜಾರಿಯಾದ ಭೂಸುಧಾರಣಾ ತಿದ್ದುಪಡಿ 'ಉಳುವವನೇ ಹೊಲದೊಡೆಯ' ಎಂದು ಘೋಷಿಸಿ ಗೇಣಿದಾರನನ್ನು ಒಡೆಯನನ್ನಾಗಿ ಮಾಡಿತು. ಲಾರಿಯ ವಿಷಯದಲ್ಲಿ ಆಗಿರುವುದು ಇದರ ತಿರುವುಮುರುವು. ಇಲ್ಲಿ ಒಡೆಯನಾಗಲು ಹೋದವನು ಗೇಣಿದಾರನಾಗುತ್ತಾನೆ. ಬಾಯಿಮಾತಿನ ಲೀಸ್ ಎಂಬ ಇನ್ನೊಂದು ಪದ್ಧತಿಯೂ ಉಂಟು. ಲಾರಿ ಮಾಲೀಕನ ಹೆಸರಿನಲ್ಲಿಯೇ ಇರುತ್ತದೆ, ಚಾಲಕ ತಿಂಗಳಿಗಿಷ್ಟೆಂದು ಕಟ್ಟಿ ಡೀಸೆಲ್, ಟೈರು, ರಿಪೇರಿಗಳನ್ನು ತಾನೇ ನೋಡಿಕೊಳ್ಳುತ್ತಾನೆ. ಆರಂಭದ ಬಂಡವಾಳ ಬೇಕಿಲ್ಲವೆಂಬುದು ಇದರ ಆಕರ್ಷಣೆ. ನಾಲ್ಕು ವರ್ಷದ ನಂತರ ಕೈಯಲ್ಲಿ ಲಾರಿಯೂ ಇರುವುದಿಲ್ಲ, ಕಾಗದವೂ ಇರುವುದಿಲ್ಲ.

ಇದು ನಮ್ಮ ಬಡತನದ ವಿಶೇಷವೆಂದು ಯಾರೂ ತಿಳಿಯಬೇಕಾಗಿಲ್ಲ. ಅಮೆರಿಕದಲ್ಲಿ ಸಾರಿಗೆ ಕಂಪೆನಿಗಳು ತಮ್ಮ ಚಾಲಕರಿಗೇ ಟ್ರಕ್ ಲೀಸ್ ಕೊಟ್ಟು, ತಾವೇ ಹೇರು ಕೊಟ್ಟು, ಬಾಡಿಗೆಯಲ್ಲಿಯೇ ಕಂತು ಮುರಿದುಕೊಳ್ಳುವ ಪದ್ಧತಿ ಬಹಳ ಕಾಲದಿಂದ ಇದೆ. 2021ರ ಮೂಲಸೌಕರ್ಯ ಕಾನೂನಿನಡಿ ಅಲ್ಲಿ ರಚಿಸಲಾದ ಟ್ರಕ್ ಲೀಸಿಂಗ್ ಕಾರ್ಯಪಡೆ ಇದನ್ನು ಪರಿಶೀಲಿಸಿ, ಇಂಥ ಲೀಸ್-ಖರೀದಿ ಕರಾರುಗಳನ್ನು ನಿಷೇಧಿಸುವುದೇ ಲೇಸೆಂದು 2025ರ ಜನವರಿಯಲ್ಲಿ ಶಿಫಾರಸು ಮಾಡಿತು. ಚಾಲನೆಯ ಗಂಟೆಗಳನ್ನು ಯಂತ್ರವೇ ದಾಖಲಿಸುವ ದೇಶದಲ್ಲಿಯೂ ಕರಾರು ಪತ್ರ ಚಾಲಕನನ್ನು ಹಿಂಡಬಲ್ಲದು.

ಹಾಗೆಂದು ನಮ್ಮಲ್ಲಿ ವಾಹನ ಸಾಲವನ್ನೇ ನಿಲ್ಲಿಸಬೇಕೆಂದು ನಾನು ಹೇಳಲಾರೆ. ಬ್ಯಾಂಕಿನ ಮೆಟ್ಟಿಲು ಹತ್ತಲಾಗದ ಚಾಲಕನಿಗೆ ಹಳೆಯ ಲಾರಿಯ ಮೇಲೆ ನಂಬಿಕೆಯಿಂದ ಸಾಲ ಕೊಟ್ಟು ಬೆಳೆದ ಹಣಕಾಸು ಸಂಸ್ಥೆಗಳೂ ಈ ದೇಶದಲ್ಲಿವೆ. ಅವುಗಳಿಂದ ಬದುಕು ಕಟ್ಟಿಕೊಂಡವರೂ ಬಹಳ. ತಕರಾರಿರುವುದು ಸಾಲದ ಬಗ್ಗೆ ಅಲ್ಲ, ಅದರ ಪಂಚಾಂಗದ ಬಗ್ಗೆ. ಬೆಳೆ ಸಾಲದ ಮರುಪಾವತಿ ಸುಗ್ಗಿಯ ಲೆಕ್ಕದಲ್ಲಿ ನಿಗದಿಯಾಗುವುದಾದರೆ, ಅದೇ ಬೆಳೆಯನ್ನು ಸಾಗಿಸುವ ಲಾರಿಯ ಕಂತು ಏಕೆ ಹಾಗಾಗಬಾರದು? ಹಂಗಾಮಿನ ತಿಂಗಳುಗಳಲ್ಲಿ ಹೆಚ್ಚು, ಮಳೆಗಾಲದಲ್ಲಿ ಕಡಿಮೆ. ಇದಕ್ಕೆ ಹೊಸ ಕಾನೂನು ಬೇಕಿಲ್ಲ. ಈ ಭಾಗದ ಸಹಕಾರಿ ಬ್ಯಾಂಕುಗಳು ಮನಸ್ಸು ಮಾಡಿದರೆ ಸಾಕು.

2025ರ ನವೆಂಬರಿನಲ್ಲಿ ಕಬ್ಬಿನ ದರದ ಹೋರಾಟ ಕಾವೇರಿದಾಗ ಸಮೀರವಾಡಿಯ ಬಳಿ ಕಬ್ಬು ತುಂಬಿ ನಿಂತಿದ್ದ ಹತ್ತಾರು ಟ್ರ್ಯಾಲಿಗಳು ಹೊತ್ತಿ ಉರಿದ ಚಿತ್ರಗಳನ್ನು ನಾವೆಲ್ಲ ನೋಡಿದೆವು. ರೈತರ ಬೇಡಿಕೆ ಏನು, ಕಾರ್ಖಾನೆಗಳ ವಾದವೇನು, ಬೆಂಕಿ ಯಾರು ಹಚ್ಚಿದರು ಎಂಬ ಚರ್ಚೆ ವಾರಗಟ್ಟಲೆ ನಡೆಯಿತು. ಸುಟ್ಟ ವಾಹನಗಳ ಮೇಲೆ ಸಾಲವೆಷ್ಟಿತ್ತು, ಮುಂದಿನ ಕಂತಿನ ದಿನಾಂಕ ಯಾವುದಿತ್ತು ಎಂಬ ಪ್ರಶ್ನೆ ಆ ಚರ್ಚೆಯಲ್ಲಿ ಹೆಚ್ಚು ಕೇಳಿಬರಲಿಲ್ಲ. ಮೋಟಾರು ಸಾರಿಗೆ ಕಾರ್ಮಿಕರ ಸಾಮಾಜಿಕ ಭದ್ರತೆಗೆಂದು ರಾಜ್ಯ ಸರ್ಕಾರ 2024ರಲ್ಲಿ ಕಾಯ್ದೆಯೊಂದನ್ನು ತಂದಿರುವುದು ಸ್ವಾಗತಾರ್ಹವೇ. ಆದರೆ ಕಲ್ಯಾಣ ನಿಧಿಯ ನೆರವು ಹೆಚ್ಚಾಗಿ ಬರುವುದು ಅಪಘಾತದ ನಂತರ. ಚಾಲಕನಿಗೆ ಬೇಕಾಗಿರುವುದು ಅದಕ್ಕೆ ಮುಂಚಿನ ಆರು ಗಂಟೆಯ ನಿದ್ದೆ. 2025ರಿಂದ ಹೊಸ ಲಾರಿಗಳ ಕ್ಯಾಬಿನ್‌ಗೆ ಹವಾನಿಯಂತ್ರಣ ಕಡ್ಡಾಯವಾಗಿದೆ. ತಂಪಾದ ಕ್ಯಾಬಿನ್ ಒಳ್ಳೆಯದೇ, ಅದರ ಬೆಲೆಯೂ ಕಂತಿನಲ್ಲಿಯೇ ಸೇರಿದೆ.

ಮುಂದಿನ ಹಂಗಾಮಿನ ಸಾಗಣೆ ಕರಾರುಗಳು ಮಳೆಗಾಲದಲ್ಲಿಯೇ ಸಿದ್ಧವಾಗುತ್ತವೆ. ಮುಂಗಡ ಎಷ್ಟು, ಟನ್ನಿಗೆ ಎಷ್ಟು, ಕಟಾವು ತಂಡದವರು ಓಡಿಹೋದರೆ ಹೊಣೆ ಯಾರದು ಎಂಬುದೆಲ್ಲ ಅವುಗಳಲ್ಲಿ ವಿವರವಾಗಿ ಇರುತ್ತದೆ. ಅಂಗಳಕ್ಕೆ ಬಂದ ಲಾರಿಗೆ ಇಷ್ಟು ಗಂಟೆಯೊಳಗೆ ತೂಕ ಆಗಬೇಕು, ಆಗದಿದ್ದರೆ ಗಂಟೆಗೆ ಇಷ್ಟು ಕಾಯುವ ಬಾಡಿಗೆ ಕೊಡಬೇಕು ಎಂಬ ಸಾಲನ್ನು ಈ ಸಲ ಯಾವ ಕಾರ್ಖಾನೆ ಸೇರಿಸುತ್ತದೆ ಎಂದು ನೋಡಬೇಕು. ಆ ಬಾಡಿಗೆ ರೈತನ ಬಿಲ್ಲಿನಲ್ಲಿ ಮುರಿಯತಕ್ಕದ್ದಲ್ಲ ಎಂಬ ಇನ್ನೊಂದು ಸಾಲೂ ಅದರ ಕೆಳಗಿರಬೇಕು.