ಭೂತಾನಕ್ಕೆ ಅಕ್ಕಿ, ಅಲ್ಲಿಂದ ಅಡಿಕೆ: ನಡುವೆ ಒಂದು ಕಟ್ಟು ಕಾಗದ

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವಿಲ್ಲವೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಗಡಿಯ ಕಟ್ಟೆಯಲ್ಲಿ ಕುಳಿತ ಅಧಿಕಾರಿಗೆ ನಿಮ್ಮ ಬೆವರು ಕಾಣುವುದಿಲ್ಲ. ಕಾಣುವುದು ಕಾಗದ ಮಾತ್ರ. ರೈತ ಬಾಂಧವರೇ, ಇದು ವ್ಯಾಪಾರಿಗಳ ವಿಷಯ, ನಮಗೇಕೆ ಎಂದು ಪುಟ ಮಗುಚಬೇಡಿ. ಭದ್ರಾ ಅಚ್ಚುಕಟ್ಟಿನ ಭತ್ತಕ್ಕೂ, ಶಿವಮೊಗ್ಗ-ಭದ್ರಾವತಿ ತೋಟಗಳ ಅಡಿಕೆಗೂ ಈ ಕಾಗದದ ಬಿಸಿ ತಟ್ಟುತ್ತದೆ.

ನೆರೆಯ ಭೂತಾನವನ್ನೇ ನೋಡಿ. ವಿಶ್ವ ವ್ಯಾಪಾರ ಸಂಸ್ಥೆಗೆ ಭಾರತ 1995ರಿಂದ ಸದಸ್ಯ. ಭೂತಾನ ಇನ್ನೂ ಸೇರಿಲ್ಲ. ಆದರೂ ವ್ಯಾಪಾರ ನಿಂತಿಲ್ಲ. 1972ರಿಂದ ಎರಡು ದೇಶಗಳ ನಡುವೆ ಪ್ರತ್ಯೇಕ ಒಪ್ಪಂದವಿದೆ. 2016ರಲ್ಲಿ ಅದನ್ನು ಹೊಸದಾಗಿ ಬರೆದು, 2017ರ ಜುಲೈಯಲ್ಲಿ ಜಾರಿಗೆ ತಂದರು. ವ್ಯಾಪಾರ ಮುಕ್ತ, ಹಣದ ಲೆಕ್ಕ ನಮ್ಮ ರೂಪಾಯಿಯಲ್ಲೇ ನಡೆಯುತ್ತದೆ. ಪಶ್ಚಿಮ ಬಂಗಾಳದ ಜೈಗಾಂವ್ ಮುಖ್ಯ ದ್ವಾರ. ಅದರ ಆಚೆಯೇ ಭೂತಾನದ ಫುಂಟ್‌ಶೋಲಿಂಗ್ ಪಟ್ಟಣ.

ಬಾಗಿಲು ಮುಚ್ಚಿದಾಗ

ಒಪ್ಪಂದವಿದ್ದ ಮಾತ್ರಕ್ಕೆ ಬಾಗಿಲು ಸದಾ ತೆರೆದಿರುತ್ತದೆಂದು ನಂಬಬಾರದು. 2023ರ ಜುಲೈ 20ರಂದು ಕೇಂದ್ರ ಸರ್ಕಾರ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತನ್ನು ನಿಷೇಧಿಸಿತು. ಭೂತಾನಕ್ಕೆ ಅಕ್ಕಿ ಬೇಕೇ ಬೇಕು. ಆಗಸ್ಟ್ ಕೊನೆಯಲ್ಲಿ ಮತ್ತೊಂದು ಅಧಿಸೂಚನೆ ಹೊರಟು, ಆ ದೇಶಕ್ಕೆ 79,000 ಟನ್ ಕಳುಹಿಸಲು ಅನುಮತಿ ಸಿಕ್ಕಿತು. ಇಂಥ ಹಂಚಿಕೆಯ ಅಕ್ಕಿಯನ್ನು ರಾಷ್ಟ್ರೀಯ ಸಹಕಾರಿ ರಫ್ತು ಸಂಸ್ಥೆಯ ಮೂಲಕ ಸಾಗಿಸುವ ಏರ್ಪಾಟಾಯಿತು. ನಿಷೇಧ ಪೂರ್ತಿ ತೆರವಾದದ್ದು 2024ರ ಸೆಪ್ಟೆಂಬರ್ 28ರಂದು.

ಶಿವಮೊಗ್ಗದ ಭತ್ತ ಜೈಗಾಂವ್‌ವರೆಗೆ ಹೋಗುವುದು ಅಪರೂಪವೇ ಸರಿ. ಬಂಗಾಳದ ಅಕ್ಕಿ ಪಕ್ಕದಲ್ಲೇ ಇರುವಾಗ ಇಲ್ಲಿಂದ ಲಾರಿ ಬಾಡಿಗೆ ಕೊಟ್ಟು ಪೂರೈಸದು. ಆದರೆ ರಫ್ತಿನ ಬಾಗಿಲು ಮುಚ್ಚಿದಾಗ ಹೊರಗೆ ಹೋಗಬೇಕಾದ ಅಕ್ಕಿ ಒಳಗಿನ ಮಾರುಕಟ್ಟೆಗೇ ತಿರುಗುತ್ತದೆ. ಗಿರಣಿಯವರು ಭತ್ತ ಕೇಳುವ ದರ ಅಷ್ಟಕ್ಕಷ್ಟೇ ಆಗುತ್ತದೆ. ದೆಹಲಿಯ ಅಧಿಸೂಚನೆ ಭದ್ರಾವತಿಯ ಕಣಕ್ಕೆ ಬಂದು ಮುಟ್ಟುವುದು ಹೀಗೆ.

ಯಾವ ಯಾವ ಕಾಗದ?

ನಿಮ್ಮ ಸಹಕಾರ ಸಂಘವೋ ರೈತ ಉತ್ಪಾದಕ ಕಂಪನಿಯೋ ರಫ್ತಿಗೆ ಇಳಿಯುವುದಾದರೆ ಮೊದಲು ಬೇಕಾದದ್ದು ಆಮದು-ರಫ್ತು ಸಂಕೇತ ಸಂಖ್ಯೆ, ಅಂದರೆ ಐ.ಇ.ಸಿ. ಪ್ಯಾನ್ ಮತ್ತು ಬ್ಯಾಂಕ್ ಖಾತೆ ಇದ್ದರೆ 500 ರೂಪಾಯಿ ಶುಲ್ಕಕ್ಕೆ ಸಿಗುತ್ತದೆ. ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಅದರ ವಿವರಗಳನ್ನು ದೃಢೀಕರಿಸಬೇಕು. ಮರೆತರೆ ಸಂಖ್ಯೆ ನಿಷ್ಕ್ರಿಯವಾಗುತ್ತದೆ. ಅಕ್ಕಿಗೆ ಅಪೇಡಾ, ಮೆಣಸು ಶುಂಠಿಗಳಿಗೆ ಸಾಂಬಾರ ಮಂಡಳಿಯ ನೋಂದಣಿ ಬೇಕು. ಬಾಸ್ಮತಿಯಲ್ಲದ ಅಕ್ಕಿಯಾದರೆ 2025ರ ಸೆಪ್ಟೆಂಬರ್‌ನಿಂದ ಪ್ರತಿ ಮಾರಾಟದ ಕರಾರನ್ನೂ ಅಪೇಡಾದಲ್ಲಿ ನೋಂದಾಯಿಸಬೇಕಾಗಿದೆ. ಜಿ.ಎಸ್.ಟಿ. ತಗಲುವ ಸರಕನ್ನು ತೆರಿಗೆ ಕಟ್ಟದೆ ಕಳುಹಿಸಲು ಮುಚ್ಚಳಿಕೆ ಪತ್ರ ಸಲ್ಲಿಸಬೇಕು.

ಸರಕಿನ ಜೊತೆ ಹೋಗುವವು ಬೇರೆ: ಬೀಜಕ, ಚೀಲಗಳ ಪಟ್ಟಿ, ಕೊಳ್ಳುವ ದೇಶ ಕೇಳಿದಲ್ಲಿ ಸಸ್ಯ ಆರೋಗ್ಯ ಪ್ರಮಾಣಪತ್ರ ಮತ್ತು ಮೂಲ ಪ್ರಮಾಣಪತ್ರ. ಇವುಗಳ ಆಧಾರದ ಮೇಲೆ ಸುಂಕ ಇಲಾಖೆಗೆ ರಫ್ತು ಪತ್ರ ಸಲ್ಲಿಸಬೇಕು. ಹಡಗಿಗಾದರೆ ಶಿಪ್ಪಿಂಗ್ ಬಿಲ್, ಭೂಗಡಿಗಾದರೆ ಬಿಲ್ ಆಫ್ ಎಕ್ಸ್‌ಪೋರ್ಟ್.

ಎಡವುವುದು ಸಣ್ಣ ಕಡೆಯಲ್ಲೇ. 50 ಕಿಲೋದ 400 ಚೀಲ ಎಂದರೆ ನಿವ್ವಳ 200 ಕ್ವಿಂಟಲ್. ಖಾಲಿ ಚೀಲ ಅರ್ಧ ಕಿಲೋ ತೂಗಿದರೂ ಒಟ್ಟು ತೂಕ 202 ಕ್ವಿಂಟಲ್ ಆಗುತ್ತದೆ. ಬೀಜಕದಲ್ಲಿ ನಿವ್ವಳ, ಪಟ್ಟಿಯಲ್ಲಿ ಒಟ್ಟು ತೂಕ ಬರೆದು ಯಾವುದು ಯಾವುದೆಂದು ಹೇಳದಿದ್ದರೆ ಲಾರಿ ಗಡಿಯಲ್ಲೇ ನಿಲ್ಲುತ್ತದೆ. ನಿಂತ ದಿನದ ಬಾಡಿಗೆ ನಿಮ್ಮದು. ಹೆಸರು, ತೂಕ, ಚೀಲದ ಎಣಿಕೆ, ಸರಕಿನ ಸಂಕೇತ ಸಂಖ್ಯೆ ಇವು ಎಲ್ಲ ಕಾಗದದಲ್ಲೂ ಒಂದೇ ಆಗಿರಲಿ. ಅಡಿಕೆಯ ಸಂಕೇತ 080280, ಒಡೆಯದ ಕಾಳುಮೆಣಸಿನದು 090411.

ಅಡಿಕೆಯ ಪಾಠ

ಇದೇ ಕಾಗದ ಎದುರಿನಿಂದ ಬಂದಾಗ ನಮಗೆ ನೋವಾಗುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಭೂತಾನದಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಆಮದು ಬೆಲೆಯ ಷರತ್ತಿಲ್ಲದೆ ಜೈಗಾಂವ್ ಮೂಲಕ ತರಲು ಅನುಮತಿ ನೀಡಲಾಯಿತು. ಮಲೆನಾಡಿನ ಬೆಳೆಗಾರರು ಆಗ ವಿರೋಧಿಸಿದ್ದು ನಿಮಗೆ ನೆನಪಿರಬಹುದು. 2023ರ ಫೆಬ್ರವರಿಯಲ್ಲಿ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿದರು.

ಬೇರೆ ದೇಶದ ಅಡಿಕೆ ಮೂಲ ಮರೆಸಿ ಒಳಬರುತ್ತದೆ ಎಂಬುದು ಬೆಳೆಗಾರರ ಹಳೆಯ ದೂರು. ಆದ್ದರಿಂದಲೇ ಮೂಲ ಪ್ರಮಾಣಪತ್ರದ ಮೇಲೆ ಕಣ್ಣಿಡಬೇಕು. 2020ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿರುವ ನಿಯಮದಂತೆ, ಒಪ್ಪಂದದ ರಿಯಾಯಿತಿ ಕೇಳುವ ಆಮದುದಾರ ಸರಕಿನ ಮೂಲದ ವಿವರಗಳನ್ನು ತಾನೇ ಇಟ್ಟುಕೊಂಡಿರಬೇಕು. ಪ್ರಮಾಣಪತ್ರ ತೋರಿಸಿದರೆ ಸಾಲದು. ಈ ತಪಾಸಣೆ ಬಿಗಿಯಾಗಿದ್ದರೆ ನಮ್ಮ ರಾಶಿ, ಬೆಟ್ಟೆಗೆ ರಕ್ಷಣೆ. ಸಡಿಲವಾದರೆ ಕನಿಷ್ಠ ಬೆಲೆ ಎಷ್ಟಿದ್ದರೇನು?

ನಾವು ಕಳುಹಿಸುವಾಗ ಕಾಗದ ಸುಲಭವಾಗಲಿ, ಅವರು ಕಳುಹಿಸುವಾಗ ಬಿಗಿಯಾಗಲಿ ಎಂದು ಬಯಸುವುದು ಸಹಜ. ಆದರೆ ಎರಡು ಕಡೆಗೂ ನಿಯಮದ ಪುಸ್ತಕ ಒಂದೇ. ಅದನ್ನು ಓದಿಕೊಂಡವರ ಮಾತಿಗೆ ಬೆಲೆ ಹೆಚ್ಚು. ಮುಂದಿನ ಬಾರಿ ಸಂಘದ ಸರ್ವಸದಸ್ಯರ ಸಭೆಗೆ ಹೋದಾಗ ಕೇಳಿ: ನಮ್ಮ ಸಂಘಕ್ಕೆ ಐ.ಇ.ಸಿ. ಇದೆಯೇ? ಈ ವರ್ಷ ದೃಢೀಕರಿಸಲಾಗಿದೆಯೇ? ಆಮದು-ರಫ್ತು ಅಧಿಸೂಚನೆಗಳನ್ನು ನೋಡಿ ಸದಸ್ಯರಿಗೆ ತಿಳಿಸುವವರು ಯಾರು? ಉತ್ತರ ಇಲ್ಲದಿದ್ದರೆ, ಆ ಕೆಲಸ ಅಲ್ಲಿಂದಲೇ ಆರಂಭವಾಗಲಿ.